ಜಾವಾ 8 ಹೋಗಿ 17 ಬಂದಾಗ: ಗೋಕುಲ ರಸ್ತೆಯ ಬಿಲ್ಲಿಂಗ್ ಸರ್ವರ್ ರಿಪೇರಿಯ ದಾಖಲೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುವ ಸಗಟು ಮಳಿಗೆಯೊಂದರ ಸರ್ವರ್ ಇದು. 4 ಕೋರ್, 16 ಜಿಬಿ ಮೆಮೊರಿ, ಉಬುಂಟು 22.04, ಜಾವಾ ಅಪ್ಲಿಕೇಶನ್‌ಗಳನ್ನು ವೆಬ್‌ಗೆ ಓಡಿಸುವ ಟಾಮ್‌ಕ್ಯಾಟ್ 9. ಗದಗ, ಹಾವೇರಿ ಶಾಖೆಯವರೂ ಬ್ರೌಸರ್ ತೆರೆದು ಇದೇ ಸರ್ವರ್‌ನಲ್ಲಿ ಬಿಲ್ ಹಾಕುತ್ತಾರೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7, ಅದು ಬೇರೆ ಯಂತ್ರದಲ್ಲಿದೆ. ಟಾಮ್‌ಕ್ಯಾಟ್‌ನ ಕೆಳಗೆ ಓಡುತ್ತಿದ್ದದ್ದು ಜಾವಾ 8ರ 144ನೇ ಅಪ್‌ಡೇಟ್, ಅಂದರೆ 2017ರದ್ದು. ಪ್ಯಾಕೇಜ್ ಮೂಲಕ ಹಾಕಿದ್ದಲ್ಲ. ಆಪ್ಟ್ ಫೋಲ್ಡರ್‌ನಲ್ಲಿ ಜಿಪ್ ಬಿಚ್ಚಿ ಇಟ್ಟಿದ್ದು. ಯಂತ್ರ ಎರಡು ಸಲ ಬದಲಾದರೂ ಆ ಫೋಲ್ಡರ್ ಹಾಗೇ ಕಾಪಿಯಾಗುತ್ತ ಬಂದಿತ್ತು. ಕೆಳಗೆ ಬರುವ ದೋಷಗಳಲ್ಲಿ ಕೆಲವುಗಳ ಬೇರು ಅಲ್ಲೇ ಇದೆ. ಏಳೆಂಟು ವರ್ಷಗಳಲ್ಲಿ ಯಾರ್‍ಯಾರೋ ಆ ಫೋಲ್ಡರ್‌ನೊಳಗೆ ಕೈಯಿಂದ ಸೇರಿಸಿದ್ದ ಸರ್ಟಿಫಿಕೇಟು, ಜಾರ್ (ಜಾವಾ ಕೋಡ್‌ನ ಗಂಟು), ಹೊಂದಾಣಿಕೆಯ ಸಾಲು ಯಾವುದೂ ಹೊಸ ಜಾವಾದಲ್ಲಿ ಇರುವುದಿಲ್ಲ.

ಇದನ್ನು ಜಾವಾ 17ಕ್ಕೆ ಏರಿಸುವ ಕೆಲಸಕ್ಕೆ ರಾತ್ರಿ 9ರ ನಂತರದ ಹೊತ್ತು ಆರಿಸಿಕೊಂಡಿದ್ದು. ತಿಂಗಳ 11 ಮತ್ತು 20ರ ಆಸುಪಾಸು ಬೇಡ. ಜಿಎಸ್‌ಟಿಆರ್-1, 3ಬಿ ಸಲ್ಲಿಸುವ ದಿನ ಸರ್ವರ್ ಮಲಗಿದರೆ ಯಾರೂ ಕಾರಣ ಕೇಳುತ್ತ ಕೂಡುವುದಿಲ್ಲ.

ಕೀಳುವ ಮೊದಲು

ಹಳೆಯ ಜೆಡಿಕೆ (ಅಂದರೆ ಜಾವಾ) ಫೋಲ್ಡರನ್ನು ಅಳಿಸಬೇಡಿ, ಹೆಸರನ್ನೂ ಬದಲಿಸಬೇಡಿ. ಅದೇ ಆವೃತ್ತಿಯ ಜೆಡಿಕೆಯನ್ನು ಹೊಸದಾಗಿ ಇಳಿಸಿ, ಪಕ್ಕದಲ್ಲಿ ಬಿಚ್ಚಿ, ಎರಡನ್ನೂ ಡಿಫ್ ಆದೇಶದಿಂದ ಹೋಲಿಸಿ. ಕೈಯಿಂದ ಸೇರಿಸಿದ್ದೆಲ್ಲ 10 ನಿಮಿಷದಲ್ಲಿ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಸಿಕ್ಕಿದ್ದು ಇಷ್ಟು: ಸಿಎ-ಸರ್ಟ್ಸ್ ಟ್ರಸ್ಟ್‌ಸ್ಟೋರ್‌ನಲ್ಲಿ (ಜಾವಾ ನಂಬುವ ಸರ್ಟಿಫಿಕೇಟುಗಳ ಕಡತ) 3 ಹೆಚ್ಚುವರಿ ಸರ್ಟಿಫಿಕೇಟು, ಲಿಬ್ ಒಳಗಿನ ಎಕ್ಸ್ಟ್ ಫೋಲ್ಡರ್‌ನಲ್ಲಿ ಬೌನ್ಸಿ ಕ್ಯಾಸಲ್ ಎಂಬ ಎನ್‌ಕ್ರಿಪ್ಶನ್ ಲೈಬ್ರರಿಯ ಜಾರ್, ಜಾವಾ ಡಾಟ್ ಸೆಕ್ಯೂರಿಟಿ ಕಡತದ ಪ್ರೊವೈಡರ್ (ಎನ್‌ಕ್ರಿಪ್ಶನ್ ಒದಗಿಸುವ ಭಾಗ) ಪಟ್ಟಿಗೆ ಸೇರಿಸಿದ 2 ಸಾಲು, ಹಾಗೂ ಉದ್ದನೆಯ ಎನ್‌ಕ್ರಿಪ್ಶನ್ ಕೀಗಾಗಿ ಹಾಕಿದ 2 ಪಾಲಿಸಿ ಜಾರ್.

ಕಡೆಯ ಎರಡರ ಚಿಂತೆ ಬಿಡಬಹುದು. ಜಾವಾ 8ರ 161ನೇ ಅಪ್‌ಡೇಟ್‌ನಿಂದ ಮಿತಿಯಿಲ್ಲದ ಕೀ ತಾನಾಗಿಯೇ ಚಾಲ್ತಿಯಲ್ಲಿದೆ. ಆ ಜಾರ್‌ಗಳನ್ನು 17ರ ಒಳಗೆ ತುರುಕಬೇಡಿ. ಎಕ್ಸ್ಟ್ ಫೋಲ್ಡರಂತೂ ಜಾವಾ 9ರಲ್ಲೇ ಹೋಯಿತು. ಹಳೆಯ ಅಭ್ಯಾಸದ ಮೇಲೆ 17ರ ಲಿಬ್ ಒಳಗೆ ಆ ಹೆಸರಿನ ಫೋಲ್ಡರ್ ಮಾಡಿದರೆ ಜಾವಾ ಏಳುವುದೇ ಇಲ್ಲ. ಬೌನ್ಸಿ ಕ್ಯಾಸಲ್ ಟಾಮ್‌ಕ್ಯಾಟ್‌ನ ಲಿಬ್‌ಗೆ ಹೋಯಿತು, ಪ್ರೊವೈಡರ್ ನೋಂದಣಿ ಕೋಡ್‌ನೊಳಗೆ ಬಂತು. ಇದನ್ನು ಮರೆತರೆ ಬರುವ ದೋಷ 'ನೋ ಸಚ್ ಪ್ರೊವೈಡರ್: ಬಿಸಿ' (ಬಿಸಿ ಎಂದರೆ ಬೌನ್ಸಿ ಕ್ಯಾಸಲ್).

ಮೊದಲ ಸಲ ಎಬ್ಬಿಸಿದಾಗ

ಉಬುಂಟುವಿನ ಓಪನ್‌ಜೆಡಿಕೆ 17 ಪ್ಯಾಕೇಜ್ ಹಾಕಿ ಟಾಮ್‌ಕ್ಯಾಟ್ ಶುರು ಮಾಡಿದರೆ ಜಾವಾ ಎದ್ದೇಳಲೇ ಇಲ್ಲ. ಟಾಮ್‌ಕ್ಯಾಟ್‌ನ ಆಯ್ಕೆಗಳಿರುವ ಸೆಟ್‌ಎನ್ವ್ ಕಡತದಲ್ಲಿ ಹಳೆಯ ಮ್ಯಾಕ್ಸ್‌ಪರ್ಮ್‌ಸೈಜ್ ಆಯ್ಕೆ ಕುಳಿತಿತ್ತು. ಜಾವಾ 8 ಅದನ್ನು ನೋಡಿ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು, 17 ಒಪ್ಪುವುದಿಲ್ಲ. ಸಾಲು ತೆಗೆದರೆ ಆಯಿತು.

ಎದ್ದ ಮೇಲೆ ಕ್ಯಾಟಲಿನಾ ಲಾಗ್‌ನ ಮೊದಲ ಸಾಲುಗಳಲ್ಲಿ 'ಜಾವಾ ಹೋಮ್' ಎಂಬುದರ ಎದುರು ಏನಿದೆ ನೋಡಿ. ಟರ್ಮಿನಲ್‌ನಲ್ಲಿ ಜಾವಾ ಆವೃತ್ತಿ ಕೇಳಿ 17 ಎಂದು ಬಂದರೆ ಟಾಮ್‌ಕ್ಯಾಟ್ ಕೂಡ ಅದರ ಮೇಲೇ ಓಡುತ್ತಿದೆ ಎಂದೇನೂ ಅಲ್ಲ. ಸಿಸ್ಟಮ್‌ಡಿ ಯೂನಿಟ್‌ನೊಳಗೆ (ಟಾಮ್‌ಕ್ಯಾಟನ್ನು ಎಬ್ಬಿಸುವ ಉಬುಂಟುವಿನ ಹೊಂದಾಣಿಕೆ ಕಡತ) ಬೇರೆ ಜಾವಾ ಹೋಮ್ ಬರೆದಿದ್ದರೆ ಅದೇ ಗೆಲ್ಲುತ್ತದೆ. ಈ ಒಂದು ಸಾಲು ನೋಡದೆ ಗಂಟೆಗಟ್ಟಲೆ ತಪ್ಪು ಟ್ರಸ್ಟ್‌ಸ್ಟೋರ್ ತಿದ್ದುವವರು ಭಾಳ ಮಂದಿ.

ಪಿಕೆಐಎಕ್ಸ್ ದೋಷ

ಪೇಮೆಂಟ್ ಪುಟ ತೆರೆದ ಕೂಡಲೇ ಲಾಗ್‌ನಲ್ಲಿ 40 ಸಾಲಿನ ಗೋಳು. ಮೇಲಿನದನ್ನು ಓದಬೇಡಿ, ಕೆಳಗಿಳಿದು ಕಡೆಯ 'ಕಾಸ್ಡ್ ಬೈ' ಸಾಲು ಹುಡುಕಿ. ಅಲ್ಲಿದ್ದದ್ದು: 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್'. ಎದುರಿನ ಸರ್ವರ್ ತೋರಿಸಿದ ಸರ್ಟಿಫಿಕೇಟಿನಿಂದ ಹಿಡಿದು ತನಗೆ ನಂಬಿಕೆಯಿರುವ ಮೂಲ ಸರ್ಟಿಫಿಕೇಟಿನ ತನಕ ಜಾವಾಗೆ ಸರಪಳಿ ಜೋಡಿಸಲು ಆಗಲಿಲ್ಲ ಎಂದರ್ಥ.

ಈ ಒಂದು ದೋಷಕ್ಕೆ ಕಾರಣ ಎರಡು. ಔಷಧ ಬೇರೆ ಬೇರೆ. ಒಂದು, ಮೂಲ ಸರ್ಟಿಫಿಕೇಟೇ ನಮ್ಮ ಟ್ರಸ್ಟ್‌ಸ್ಟೋರ್‌ನಲ್ಲಿ ಇಲ್ಲ. ಇನ್ನೊಂದು, ಎದುರಿನ ಸರ್ವರ್ ನಡುವಿನ ಕೊಂಡಿಯನ್ನು, ಅಂದರೆ ಇಂಟರ್ಮೀಡಿಯೆಟ್ ಸರ್ಟಿಫಿಕೇಟನ್ನು, ಕಳಿಸುತ್ತಲೇ ಇಲ್ಲ. ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಆದೇಶಕ್ಕೆ 'ಶೋಸರ್ಟ್ಸ್' ಸೇರಿಸಿ ಆ ವಿಳಾಸದ 443ನೇ ಪೋರ್ಟಿಗೆ ಹೋಗಿ, ಎಷ್ಟು ಸರ್ಟಿಫಿಕೇಟ್ ಬರುತ್ತವೆ ಎಣಿಸಿ. ಸಾರ್ವಜನಿಕ ಸಂಸ್ಥೆಯಿಂದ ಪಡೆದ ಸರ್ಟಿಫಿಕೇಟಿದ್ದೂ ಒಂದೇ ಬಂದರೆ ತಪ್ಪು ಎದುರಿನವರದ್ದು; ಅವರು ಕೊಂಡಿ ಸೇರಿಸಬೇಕು. ಬ್ರೌಸರ್‌ನಲ್ಲಿ ಸರಿಯಾಗಿ ಕಾಣುತ್ತದಲ್ಲ ಎಂದು ಅವರು ವಾದಿಸುತ್ತಾರೆ. ಬ್ರೌಸರ್ ಕಾಣೆಯಾದ ಕೊಂಡಿಯನ್ನು ತಾನೇ ಹುಡುಕಿ ತಂದುಕೊಳ್ಳಬಲ್ಲದು. ಜಾವಾ ತಾನಾಗಿ ಆ ಕೆಲಸ ಮಾಡುವುದಿಲ್ಲ.

ಇಲ್ಲಿ ಬಂದದ್ದು ಎರಡು, ಸರಪಳಿ ಪೂರ್ತಿಯಿತ್ತು. ಆದರೆ ಮೂಲ ಸರ್ಟಿಫಿಕೇಟು ಖಾಸಗಿಯದ್ದು. ಹಳೆಯ ಸಿಎ-ಸರ್ಟ್ಸ್‌ನಲ್ಲಿ ಕೈಯಿಂದ ಸೇರಿಸಿದ್ದ ಮೂರರಲ್ಲಿ ಒಂದು. ಜಾವಾದ ಸರ್ಟಿಫಿಕೇಟು ಸಲಕರಣೆಯಾದ ಕೀಟೂಲ್‌ನಿಂದ ಹಳೆಯ ಕಡತದ ಆ ಮೂರನ್ನೂ ಆರ್‌ಎಫ್‌ಸಿ, ಅಂದರೆ ಪೆಮ್ ಎಂಬ ಪಠ್ಯ ರೂಪದಲ್ಲಿ ಹೊರತೆಗೆದು, ಒಂದೊಂದರ ಅವಧಿ ನೋಡಿದರೆ ಎರಡು ಆಗಲೇ ಮುಗಿದಿದ್ದವು. ಅವನ್ನು ಅಲ್ಲಿಗೇ ಬಿಟ್ಟದ್ದಾಯಿತು. ಹಳೆಯ ಸಿಎ-ಸರ್ಟ್ಸ್ ಕಡತವನ್ನೇ ಎತ್ತಿ ಹೊಸದರ ಮೇಲೆ ಹಾಕಿದರೆ ಮುಗಿಯಿತಲ್ಲ ಎಂಬ ಸಲಹೆ ಇದಕ್ಕೇ ಸಲ್ಲದು. 2017ರ ನಂಬಿಕೆಯ ಪಟ್ಟಿ ಹೊತ್ತು ಈವತ್ತಿನ ಇಂಟರ್ನೆಟ್‌ಗೆ ಹೋದಂತಾಗುತ್ತದೆ: ಆಮೇಲೆ ಬಂದ ಮೂಲಗಳು ಇರುವುದಿಲ್ಲ, ತೆಗೆದುಹಾಕಿದ ಮೂಲಗಳು ಉಳಿದಿರುತ್ತವೆ.

ಉಳಿದ ಒಂದನ್ನು ಎಲ್ಲಿ ಇಡಬೇಕು? ಉಬುಂಟುವಿನ ಜಾವಾದಲ್ಲಿ ಸಿಎ-ಸರ್ಟ್ಸ್ ಎಂಬುದು ನಿಜವಾದ ಕಡತವಲ್ಲ, '/ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್/ಜಾವಾ' ಒಳಗಿನ ಕಡತಕ್ಕೆ ಕೊಂಡಿ. ಅದನ್ನು ವ್ಯವಸ್ಥೆಯೇ ಕಟ್ಟುತ್ತದೆ. ಆದ್ದರಿಂದ ಪೆಮ್ ರೂಪದ ಸರ್ಟಿಫಿಕೇಟಿಗೆ ಸಿಆರ್‌ಟಿ ಎಂಬ ಬಾಲ ಕೊಟ್ಟು, '/ಯೂಸರ್/ಲೋಕಲ್/ಶೇರ್/ಸಿಎ-ಸರ್ಟಿಫಿಕೇಟ್ಸ್' ಫೋಲ್ಡರ್‌ನಲ್ಲಿ 644 ಅನುಮತಿಯೊಂದಿಗೆ ಇಟ್ಟು, 'ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್' ಓಡಿಸಿದ್ದಾಯಿತು. ಬಾಲ ಪೆಮ್ ಎಂದೇ ಉಳಿದರೆ ಆ ಆದೇಶ ತುಟಿ ಪಿಟಕ್ಕೆನ್ನದೆ ಕಡತವನ್ನು ಬಿಟ್ಟುಬಿಡುತ್ತದೆ. '1 ಆಡೆಡ್' ಎಂಬ ಉತ್ತರ ಬಂದಿದೆಯೇ ನೋಡಿ. ನಾಳೆ ಜಾವಾ 21 ಹಾಕಿದರೂ ಸರ್ಟಿಫಿಕೇಟು ಅಲ್ಲೇ ಇರುತ್ತದೆ. ಟಾಮ್‌ಕ್ಯಾಟ್ ಮಾತ್ರ ಮರುಶುರು ಆಗಲೇಬೇಕು, ಓಡುತ್ತಿರುವ ಜಾವಾ ಟ್ರಸ್ಟ್‌ಸ್ಟೋರನ್ನು ಮತ್ತೆ ಓದುವುದಿಲ್ಲ.

ಟ್ರಸ್ಟ್‌ಸ್ಟೋರ್ ಆಯ್ಕೆಯಿಂದ ಬೇರೆ ಕಡತ ತೋರಿಸುವ ದಾರಿಯೂ ಉಂಟು. ಅಲ್ಲೊಂದು ಬೋನು ಇದೆ. ಆ ಕಡತ ಸಿಎ-ಸರ್ಟ್ಸ್‌ಗೆ ಸೇರುವುದಿಲ್ಲ, ಅದರ ಜಾಗಕ್ಕೇ ಬರುತ್ತದೆ. ಒಂದೇ ಖಾಸಗಿ ಸರ್ಟಿಫಿಕೇಟಿನ ಕಡತ ತೋರಿಸಿದರೆ ಆ ಒಂದು ಜಾಗ ಸರಿಯಾಗಿ, ಉಳಿದೆಲ್ಲ ಹೊರಗಿನ ಸಂಪರ್ಕ ಕೆಡುತ್ತದೆ. ದಾರಿ ತಪ್ಪಾಗಿ ಬರೆದರೆ ಬರುವ ದೋಷದ ಹೆಸರಂತೂ ಪೂರ್ತಿ ದಾರಿ ತಪ್ಪಿಸುವಂಥದ್ದು: 'ಟ್ರಸ್ಟ್‌ಆಂಕರ್ಸ್ ಪ್ಯಾರಾಮೀಟರ್ ಮಸ್ಟ್ ಬಿ ನಾನ್-ಎಂಪ್ಟಿ'. ಕಡತ ಸಿಗಲಿಲ್ಲ ಎಂದು ಹೇಳುವ ರೀತಿ ಅದು.

ಎಲ್ಲವನ್ನೂ ನಂಬುವ ಟ್ರಸ್ಟ್ ಮ್ಯಾನೇಜರ್ ಕೋಡ್ ಹುಡುಕಿದರೆ 5 ನಿಮಿಷದಲ್ಲಿ ಸಿಗುತ್ತದೆ. ಅದನ್ನು ಅಂಟಿಸಿದರೆ ದೋಷವೂ ಹೋಗುತ್ತದೆ, ಬೀಗವೂ ಹೋಗುತ್ತದೆ. ಹಣ ಓಡಾಡುವ ಸರ್ವರ್‌ನಲ್ಲಿ ಅದರ ಮಾತೇ ಬೇಡ.

ಬೇಡ ಎಂದವರು ಯಾರು?

ಮುಂದಿನದು ಡೇಟಾಬೇಸ್. 'ನೋ ಅಪ್ರೋಪ್ರಿಯೇಟ್ ಪ್ರೋಟೋಕಾಲ್'. 2021ರ ಏಪ್ರಿಲ್‌ನ ಅಪ್‌ಡೇಟ್‌ಗಳಿಂದ ಜಾವಾ 8, 11ರಲ್ಲೂ, ಹಾಗೆಯೇ 16ರಿಂದ ಮುಂದೆ ಎಲ್ಲದರಲ್ಲೂ ಟಿಎಲ್‌ಎಸ್ (ಸಂಪರ್ಕಕ್ಕೆ ಬೀಗ ಹಾಕುವ ವಿಧಾನ, ಹಳೆಯ ಹೆಸರು ಎಸ್‌ಎಸ್‌ಎಲ್) 1.0 ಮತ್ತು 1.1 ಮುಚ್ಚಿವೆ. ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದ ಮಾತುಕತೆ) ದೋಷದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಬೇಡ ಎಂದದ್ದು ನಮ್ಮ ಕಡೆಯೋ ಆ ಕಡೆಯೋ ಎಂದು. 'ನೋ ಅಪ್ರೋಪ್ರಿಯೇಟ್ ಪ್ರೋಟೋಕಾಲ್' ಬಂದರೆ ನಮ್ಮ ಜಾವಾನೇ ಬಾಯಿ ತೆರೆಯುವ ಮೊದಲು ಹಿಂದೆ ಸರಿದಿದೆ, ತಂತಿಯ ಮೇಲೆ ಒಂದು ಹ್ಯಾಂಡ್‌ಶೇಕ್ ಪ್ಯಾಕೆಟ್ ಸಹ ಹೋಗಿರುವುದಿಲ್ಲ. 'ರಿಸೀವ್ಡ್ ಫೇಟಲ್ ಅಲರ್ಟ್' ಎಂದು ಶುರುವಾದರೆ ತಿರಸ್ಕರಿಸಿದ್ದು ಎದುರಿನವರು.

ಇಲ್ಲಿ ಮೈಎಸ್‌ಕ್ಯೂಎಲ್ ಸರ್ವರ್ 1.2 ಮಾತಾಡಬಲ್ಲದು. ಆದರೆ ಅಪ್ಲಿಕೇಶನ್‌ನೊಳಗಿದ್ದ ಡೇಟಾಬೇಸ್‌ಗೆ ಜೋಡಿಸುವ 5.1 ಸಾಲಿನ ಹಳೆಯ ಡ್ರೈವರ್ 1.0 ಮತ್ತು 1.1 ಅಷ್ಟನ್ನೇ ಮುಂದಿಡುತ್ತಿತ್ತು. ಅವೆರಡೂ ಮುಚ್ಚಿರುವಾಗ ಕೈಯಲ್ಲಿ ಏನೂ ಉಳಿಯಲಿಲ್ಲ. ಸಂಪರ್ಕದ ಸಾಲಿನಲ್ಲಿ ಎಸ್‌ಎಸ್‌ಎಲ್ ಆಫ್ ಮಾಡಿದರೆ ಕೂಡಲೇ ನಡೆಯುತ್ತದೆ, ಆದರೆ ಡೇಟಾಬೇಸ್ ಬೇರೆ ಯಂತ್ರದಲ್ಲಿದೆ; ಗ್ರಾಹಕರ ಲೆಕ್ಕವೆಲ್ಲ ಕೇಬಲ್ ಮೇಲೆ ಬಯಲಾಗಿ ಹೋಗುತ್ತದೆ. ಡ್ರೈವರನ್ನು 8.0 ಸಾಲಿಗೆ ಏರಿಸುವುದೇ ಸರಿ. ಆಗ ಡ್ರೈವರ್ ಕ್ಲಾಸಿನ ಹೆಸರಲ್ಲಿ ನಡುವೆ 'ಸಿಜೆ' ಸೇರುತ್ತದೆ. 8.0ರ ಮೊದಮೊದಲ ಆವೃತ್ತಿ ಹಾಕಿದರೆ ನಮ್ಮ ದೇಶದವರಿಗೇ ಮೀಸಲಾದ ತಕರಾರೊಂದು ಏಳುತ್ತದೆ: 'ಐಎಸ್‌ಟಿ' ಎಂಬ ಸಮಯವಲಯ ಅದಕ್ಕೆ ತಿಳಿಯುವುದಿಲ್ಲ. ಸಂಪರ್ಕದ ಸಾಲಿನಲ್ಲಿ ಸರ್ವರ್ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಎಂದು ಬರೆದರೆ ಸುಮ್ಮನಾಗುತ್ತದೆ.

ಗೋದಾಮಿನ ಹಳೆಯ ಮೇಲ್ ರಿಲೇ (ಮೇಲ್ ದಾಟಿಸುವ ಸರ್ವರ್) ಮಾತ್ರ ನಿಜಕ್ಕೂ ಟಿಎಲ್‌ಎಸ್ 1.0 ಬಿಟ್ಟು ಬೇರೆ ಅರಿಯದು. ಇದನ್ನು ಖಚಿತ ಮಾಡಿಕೊಳ್ಳುವಾಗಲೂ ಎಚ್ಚರ ಬೇಕು. ಉಬುಂಟು 22.04ರ ಓಪನ್‌ಎಸ್‌ಎಸ್‌ಎಲ್ ತಾನೇ 1.0 ಅನ್ನು ನಿರಾಕರಿಸುತ್ತದೆ. ಸೈಫರ್ ಸಾಲಿನಲ್ಲಿ ಸೆಕ್‌ಲೆವೆಲ್ (ಭದ್ರತೆಯ ಮಟ್ಟ) 0 ಎಂದು ಕೊಡದೆ ಪರೀಕ್ಷಿಸಿದರೆ ರಿಲೇ ಸತ್ತಿದೆ ಎಂದೇ ತೋರುತ್ತದೆ.

ಜಾವಾ ಡಾಟ್ ಸೆಕ್ಯೂರಿಟಿಯ 'ಡಿಸೇಬಲ್ಡ್ ಆಲ್ಗರಿದಮ್ಸ್' ಸಾಲಿನಿಂದ 1.0 ಅಳಿಸಿದರೆ ಇಡೀ ಜಾವಾಗೆ, ಪೇಮೆಂಟ್ ಸಂಪರ್ಕಕ್ಕೂ ಸೇರಿ, ಬಾಗಿಲು ತೆರೆದಂತೆ. ಒಂದು ಮೇಲ್ ರಿಲೇಗಾಗಿ ಅಷ್ಟು ಕೊಡಬೇಕಿಲ್ಲ. ಬದಲಿಗೆ ಅದೇ ಯಂತ್ರದಲ್ಲಿ ಟಿಎಲ್‌ಎಸ್ ಸುರಂಗ ಕಟ್ಟುವ ಎಸ್‌ಟನಲ್ ಹಾಕಿ, ಕ್ಲೈಂಟ್ ಎಂದು ಹೊಂದಿಸಿ, 127.0.0.1ರ 2525ನೇ ಪೋರ್ಟಿನಲ್ಲಿ ಕೂಡಿಸಿ, ರಿಲೇಯ 465ಕ್ಕೆ ಜೋಡಿಸಿದ್ದಾಯಿತು. ಕನಿಷ್ಠ ಆವೃತ್ತಿ ಟಿಎಲ್‌ಎಸ್ 1.0, ಸೈಫರ್‌ನಲ್ಲಿ ಸೆಕ್‌ಲೆವೆಲ್ 0, ಇವೆರಡೂ ಆ ಒಂದು ಸುರಂಗಕ್ಕೆ ಸೀಮಿತ. ಎಸ್‌ಟನಲ್ ತಾನಾಗಿ ಎದುರಿನ ಸರ್ಟಿಫಿಕೇಟನ್ನು ಪರೀಕ್ಷಿಸುವುದಿಲ್ಲ; ಸಿಎ ಕಡತ ತೋರಿಸಿ ಸರಪಳಿ ಪರೀಕ್ಷೆಯನ್ನು ನಾವೇ ಆನ್ ಮಾಡಬೇಕು. ಅಪ್ಲಿಕೇಶನ್‌ನ ಮೇಲ್ ಹೊಂದಾಣಿಕೆಯಲ್ಲಿ ಎಸ್‌ಎಸ್‌ಎಲ್ ಆಫ್. ಬಯಲಾದ ಮಾತು ಆ ಯಂತ್ರದ ಒಳಗೇ ಮುಗಿಯುತ್ತದೆ.

ದೋಷವೇ ತೋರಿಸದ ದೋಷ

ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಹಾವೇರಿಯಿಂದ ಬಂದ ಫೋನ್: "ನಿನ್ನಿತನಾ ಛಲೋ ನಡೀತಿತ್ತಲ್ರೀ, ಇವತ್ತ್ಯಾಕ ಪಾಸ್‌ವರ್ಡ್ ತಗೊಳವಲ್ದು?" ಲಾಗ್‌ನಲ್ಲಿ ಒಂದೂ ದೋಷವಿಲ್ಲ. ಯಾರ ಪಾಸ್‌ವರ್ಡೂ ಹೊಂದುತ್ತಿಲ್ಲ.

ಹಳೆಯ ಕೋಡ್ ಬಳಸುತ್ತಿದ್ದದ್ದು ಸನ್ ಕಂಪನಿಯ ಕಾಲದ ಒಳಗಿನ ಬೇಸ್64 (ಬೈಟುಗಳನ್ನು ಅಕ್ಷರಗಳಾಗಿ ಬರೆಯುವ ವಿಧಾನ) ಎನ್‌ಕೋಡರ್ ಕ್ಲಾಸ್. ಅದು ಜಾವಾ 9ರಲ್ಲಿ ಹೋಗಿದೆ, ಆದ್ದರಿಂದ ಏರಿಸುವ ಮೊದಲೇ ಜಾವಾ ಯೂಟಿಲ್‌ನ ಬೇಸ್64ಕ್ಕೆ ಬದಲಿಸಲಾಗಿತ್ತು. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದೇ ಎಲ್ಲರ ನಂಬಿಕೆ. ಆದರೆ ಹಳೆಯದು ಪ್ರತಿ 57 ಬೈಟಿಗೆ, ಅಂದರೆ 76 ಅಕ್ಷರಕ್ಕೆ, ಒಂದು ಹೊಸ ಸಾಲು ಸೇರಿಸುತ್ತಿತ್ತು, ಹೊಸದು ಸೇರಿಸುವುದಿಲ್ಲ. ಪಾಸ್‌ವರ್ಡಿನ ಬದಲು ಲೆಕ್ಕ ಹಾಕಿ ಇಡುವ ಎಸ್‌ಎಚ್‌ಎ-512 ಹ್ಯಾಶ್ 64 ಬೈಟು, ಬೇಸ್64ರಲ್ಲಿ 88 ಅಕ್ಷರ. ಡೇಟಾಬೇಸ್‌ನಲ್ಲಿ ಕುಳಿತಿದ್ದದ್ದು 76 ಅಕ್ಷರ, ಒಂದು ಸಾಲು ಮುರಿತ, ಮತ್ತೆ 12 ಅಕ್ಷರ. ಹೊಸ ಕೋಡ್ ಕಟ್ಟಿದ್ದು ಮುರಿಯದ 88. ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಎಸ್‌ಎಚ್‌ಎ-256 ಆಗಿದ್ದರೆ 32 ಬೈಟು, 44 ಅಕ್ಷರ. ಸಾಲು ಮುರಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಡೇಟಾಬೇಸ್ ಕಾಲಮಿನ ಅಕ್ಷರ ಎಣಿಸಿದಾಗ 89 ಬಂತು, ಅಲ್ಲಿಗೆ ಗುಟ್ಟು ರಟ್ಟಾಯಿತು. ಸರ್ವರ್ ಎಂದಾದರೂ ವಿಂಡೋಸ್ ಮೇಲೆ ಓಡಿದ್ದರೆ ಕೆಲವು ಸಾಲು 90 ಸಹ ಇರಬಹುದು, ಅಲ್ಲಿ ಸಾಲು ಮುರಿತಕ್ಕೆ ಎರಡು ಅಕ್ಷರ. ಪರಿಹಾರ: ಹೋಲಿಸುವ ಮುಂಚೆ ಎರಡೂ ಕಡೆಯ ಖಾಲಿ ಅಕ್ಷರಗಳನ್ನು ತೆಗೆಯುವುದು. ಡೇಟಾಬೇಸನ್ನೇ ಒಂದು ಆದೇಶದಿಂದ ತಿದ್ದುವ ಆಸೆ ಬರುತ್ತದೆ. ಹಳೆಯ ಜಾವಾಗೆ ಮರಳುವ ಸಾಧ್ಯತೆ ಇರುವಷ್ಟು ದಿನ ಬೇಡ, ಮರಳಿದರೆ ಅಲ್ಲಿ ಹೊಂದುವುದಿಲ್ಲ. ಬರೀ ಎಸ್‌ಎಚ್‌ಎ-512ರಲ್ಲಿ ಪಾಸ್‌ವರ್ಡ್ ಇಡುವುದೇ ಒಳ್ಳೆಯ ಪದ್ಧತಿಯಲ್ಲ, ಪಾಸ್‌ವರ್ಡಿಗೆಂದೇ ಮಾಡಿದ ಬಿಕ್ರಿಪ್ಟ್‌ಗೆ ಹೋಗಬೇಕು. ಅದು ಬೇರೆ ದಿನದ ಕೆಲಸ. ಬೇಸ್64 ಬಿಚ್ಚುವ ಕಡೆ ಇದೇ ರೋಗ 'ಇಲ್ಲೀಗಲ್ ಬೇಸ್64 ಕ್ಯಾರೆಕ್ಟರ್ ಎ' ಎಂದು ಕಾಣಿಸುತ್ತದೆ. ಆ 'ಎ' ಅಕ್ಷರವಲ್ಲ, ಹೊಸ ಸಾಲಿನ ಹೆಕ್ಸ್ ಸಂಖ್ಯೆ. ಮೈಮ್ ಡಿಕೋಡರ್ ಬಳಸಿದರೆ ಸಾಲು ಮುರಿತವನ್ನು ಅದು ದಾಟಿ ಹೋಗುತ್ತದೆ.

ಕೀಸ್ಟೋರ್, ಮತ್ತು ಮರಳುವ ದಾರಿ

ಎಚ್‌ಟಿಟಿಪಿಎಸ್‌ಗಾಗಿ ಟಾಮ್‌ಕ್ಯಾಟ್ ಬಳಸುತ್ತಿದ್ದದ್ದು ಹಳೆಯ ಜೆಕೆಎಸ್ ರೂಪದ ಕೀಸ್ಟೋರ್, ಅಂದರೆ ಸರ್ವರ್‌ನ ಸ್ವಂತ ಕೀ ಮತ್ತು ಸರ್ಟಿಫಿಕೇಟು ಇರುವ ಕಡತ. 17 ಅದನ್ನು ಸಲೀಸಾಗಿ ಓದುತ್ತದೆ. ಹೇಗೂ ಕೈ ಹಾಕಿದ್ದೇವೆ, ಪಿಕೆಸಿಎಸ್12 ಎಂಬ ಇನ್ನೊಂದು ರೂಪಕ್ಕೆ ಬದಲಿಸಿಬಿಡೋಣ ಎಂದು 17ರ ಕೀಟೂಲ್‌ನಿಂದ ಪರಿವರ್ತಿಸಿದರೆ ಮರಳುವ ದಾರಿ ಮುಚ್ಚುತ್ತದೆ. ಜಾವಾ 16ರಿಂದ ಪಿಕೆಸಿಎಸ್12 ಕಡತದ ಮುದ್ರೆಗೆ ಹೆಚ್ಚು ಗಟ್ಟಿಯಾದ ವಿಧಾನ ಬಂದಿದೆ. ಜಾವಾ 8ರ 301ನೇ ಅಪ್‌ಡೇಟ್‌ಗಿಂತ ಹಿಂದಿನದಕ್ಕೆ ಅದು ಗೊತ್ತಿಲ್ಲ. 144ರಲ್ಲಿ ತೆರೆದರೆ 'ಎಚ್‌ಮ್ಯಾಕ್‌ಪಿಬಿಇ-ಎಸ್‌ಎಚ್‌ಎ256 ನಾಟ್ ಅವೈಲಬಲ್'. ನಡುರಾತ್ರಿ ಹಿಂದಕ್ಕೆ ಹೋಗಬೇಕಾದಾಗ ಇದು ಸಿಕ್ಕರೆ ಕಷ್ಟ. ಪರಿವರ್ತಿಸಲೇಬೇಕೆಂದರೆ ಕೀಟೂಲ್‌ಗೆ 'ಪಿಕೆಸಿಎಸ್12 ಲೆಗಸಿ' ಆಯ್ಕೆ ಕೊಡಿ, ಅಥವಾ ಹಳೆಯ 8ರ ಕೀಟೂಲ್‌ನಿಂದಲೇ ಮಾಡಿ. ಇಲ್ಲಿ ಜೆಕೆಎಸ್ ಹಾಗೇ ಉಳಿಯಿತು.

ಸಹಿಯ ಟೋಕನ್

ಇನ್ವಾಯ್ಸ್‌ಗೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್ ಇದೇ ಸರ್ವರ್‌ಗೆ ಚುಚ್ಚಿದೆ. ದೋಷ: ಟೋಕನ್ ಜೊತೆ ಮಾತಾಡುವ ಜೆಡಿಕೆಯ ಕ್ರಿಪ್ಟೋಕಿ ಮಾಡ್ಯೂಲ್ ತನ್ನ ಪಿಕೆಸಿಎಸ್11 ಕ್ಲಾಸನ್ನು ಹೊರಗೆ ಕೊಡುವುದಿಲ್ಲ ಎಂಬ 'ಇಲ್ಲೀಗಲ್ ಆಕ್ಸೆಸ್'. ಜಾವಾ 8ರಲ್ಲಿ ಆ ಕ್ಲಾಸನ್ನು ನೇರ ಹೊಸದಾಗಿ ಸೃಷ್ಟಿಸಿ ಕಾನ್ಫಿಗ್ ಕಡತ ಕೊಡುವುದು ರೂಢಿ. 9ರಿಂದ 'ಸನ್‌ಪಿಕೆಸಿಎಸ್11' ಹೆಸರಿನ ಪ್ರೊವೈಡರನ್ನು ಸೆಕ್ಯೂರಿಟಿ ಕ್ಲಾಸಿನಿಂದ ಪಡೆದು, ಅದರ ಮೇಲೆ 'ಕಾನ್ಫಿಗರ್' ಕರೆದು, ಬಂದ ಹೊಸ ಪ್ರೊವೈಡರನ್ನು ಸೇರಿಸಬೇಕು. 2 ಸಾಲಿನ ಬದಲಾವಣೆ. ಕಾನ್ಫಿಗ್ ಕಡತ ಹಾಗೇ: ಹೆಸರು, ಟೋಕನ್ ಕಂಪನಿಯ 64 ಬಿಟ್ ಲೈಬ್ರರಿಯ ದಾರಿ, ಸ್ಲಾಟ್ ಸಂಖ್ಯೆ.

ಪರೀಕ್ಷಿಸುವಾಗ ಒಂದು ಮಾತು. ಪಿನ್ ತಪ್ಪಾದಾಗ ಮತ್ತೆ ಮತ್ತೆ ಪ್ರಯತ್ನಿಸುವ ಕೋಡ್ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಕೆಲವೇ ತಪ್ಪು ಪ್ರಯತ್ನಕ್ಕೆ ಟೋಕನ್ 'ಪಿನ್ ಲಾಕ್ಡ್' ಎಂದು ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಅದನ್ನು ಕೊಟ್ಟವರ ಬಾಗಿಲಿಗೆ ಅಲೆಯಬೇಕು.

ಉಳಿದ ಚೂರುಪಾರು

'ಇನ್ಆಕ್ಸೆಸಿಬಲ್ ಆಬ್ಜೆಕ್ಟ್' ದೋಷ ಒಂದು ಹಳೆಯ ರಿಪೋರ್ಟ್ ಲೈಬ್ರರಿಯಿಂದ ಬಂತು. ಜೆಡಿಕೆಯ ಒಳಭಾಗಗಳನ್ನು 17 ಪೂರ್ತಿ ಮುಚ್ಚಿದೆ. ಲೈಬ್ರರಿಯ ಹೊಸ ಆವೃತ್ತಿ ಸಿಗುವ ತನಕ, ದೋಷದ ಸಾಲಿನಲ್ಲಿ ಹೆಸರಿಸಿದ ಆ ಒಂದೇ ಪ್ಯಾಕೇಜಿಗೆ ಬಾಗಿಲು ತೆರೆಯುವ 'ಆಡ್-ಓಪನ್ಸ್' ಆಯ್ಕೆ ಕೊಟ್ಟದ್ದಾಯಿತು. ಕೆಲವು ಪ್ಯಾಕೇಜುಗಳನ್ನು ಟಾಮ್‌ಕ್ಯಾಟ್ 9ರ ಕ್ಯಾಟಲಿನಾ ಸ್ಕ್ರಿಪ್ಟ್ ತಾನೇ ತೆರೆಯುತ್ತದೆ. ಸ್ಕ್ರಿಪ್ಟ್ ಬಿಟ್ಟು ಯೂನಿಟ್‌ನಿಂದ ನೇರ ಜಾವಾ ಕರೆಯುವವರಿಗೆ ಆ ಸೌಕರ್ಯ ಇಲ್ಲ.

ಟಾಮ್‌ಕ್ಯಾಟ್ 'ಸೆಕ್ಯೂರಿಟಿ' ಆಯ್ಕೆಯೊಂದಿಗೆ, ಅಂದರೆ ಕೋಡ್ ಏನನ್ನು ಮುಟ್ಟಬಹುದು ಎಂದು ಕಾಯುವ ಸೆಕ್ಯೂರಿಟಿ ಮ್ಯಾನೇಜರ್ ಹಾಕಿಕೊಂಡು ಓಡುತ್ತಿತ್ತು. 'ಆಕ್ಸೆಸ್ ಡಿನೈಡ್' ಸಾಲುಗಳು ಲಾಗ್ ತುಂಬ. ಪಾಲಿಸಿ ಕಡತವನ್ನು ಒಂದೊಂದೇ ಅನುಮತಿ ಸೇರಿಸಿ ಸರಿಪಡಿಸಬಹುದು, ಆದರೆ ಆ ಶ್ರಮಕ್ಕೆ ಆಯುಷ್ಯವಿಲ್ಲ: 17ರಲ್ಲಿ ಇದು ತೆಗೆದುಹಾಕಲಿರುವ ಪಟ್ಟಿಗೆ ಸೇರಿತು, 24ರಲ್ಲಿ ಪೂರ್ತಿ ನಿಷ್ಕ್ರಿಯವಾಯಿತು. ಆಯ್ಕೆ ತೆಗೆದು, ಆ ಕಾವಲನ್ನು ಸಿಸ್ಟಮ್‌ಡಿಗೆ ಒಪ್ಪಿಸಲಾಯಿತು. ಯೂನಿಟ್‌ನಲ್ಲಿ 'ಪ್ರೊಟೆಕ್ಟ್ ಸಿಸ್ಟಮ್' ಸ್ಟ್ರಿಕ್ಟ್. ಕೂಡಲೇ ಇನ್ವಾಯ್ಸ್ ಪಿಡಿಎಫ್ ಬರೆಯುವಲ್ಲಿ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಬಂತು. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. 'ರೀಡ್ ರೈಟ್ ಪಾತ್ಸ್' ಸಾಲಿನಲ್ಲಿ ಲಾಗ್, ವರ್ಕ್, ಟೆಂಪ್ ಮತ್ತು ಪಿಡಿಎಫ್ ಫೋಲ್ಡರ್‌ಗಳನ್ನು ಬರೆದು, ಡೀಮನ್ ರೀಲೋಡ್ ಮಾಡಿ, ಮರುಶುರು ಮಾಡಿದರೆ ಸರಿ.

ಹ್ಯಾಂಡ್‌ಶೇಕ್ ನೋಡಲು ಹಾಕಿದ್ದ ನೆಟ್ ಡೀಬಗ್ ಆಯ್ಕೆಯನ್ನು ಕೊನೆಗೆ ತೆಗೆಯಿರಿ, ಇಲ್ಲದಿದ್ದರೆ ಕ್ಯಾಟಲಿನಾ ಔಟ್ ಕಡತ ಡಿಸ್ಕ್ ತಿನ್ನುತ್ತದೆ. ಗದಗ ಮತ್ತು ಹಾವೇರಿಯಿಂದ ತಲಾ ಒಂದು ಬಿಲ್, ಒಂದು ಸಹಿ, ಒಂದು ಮೇಲ್, 1 ರೂಪಾಯಿಯ ಒಂದು ಪಾವತಿ ಮಾಡಿಸಿ ನೋಡಿದ್ದಾಯಿತು. ಆಪ್ಟ್ ಒಳಗಿನ ಹಳೆಯ ಜೆಡಿಕೆ ಬರೀ ಓದುವ ಅನುಮತಿಯೊಂದಿಗೆ ಮುಂದಿನ ತಿಂಗಳ 20 ದಾಟುವ ತನಕ ಅಲ್ಲೇ ಇರುತ್ತದೆ. ಪಾಸ್‌ವರ್ಡ್ ಕಾಲಮಿನ ಸಾಲು ಮುರಿತ ತೆಗೆಯುವ ಆದೇಶ ಓಡುವುದೂ ಆವತ್ತೇ.